ಕೋವಿಯ ಬಾಯಿ

"ಮೆಲ್ಲಗೆ ಕಣವ್ವ, ನಮ್ಮಪ್ಪನ ಕೋವಿ ಅದು," ಎಂದ ಹೊನ್ನಪ್ಪ.

ವೀಣ ಎತ್ತಿದ ಕೊಡತಿಯನ್ನು ಹಾಗೇ ಹಿಡಿದು ನಿಂತಳು. ಕಿಕ್ಕೇರಿಯ ಬಸ್ ನಿಲ್ದಾಣದ ಹಿಂದಿದ್ದ ಆ ಪುಟ್ಟ ಚಿನ್ನಬೆಳ್ಳಿ ಅಂಗಡಿಗೆ ಓಲೆ, ಕಾಲುಂಗುರ ಬರುತ್ತಿದ್ದವೇ ಹೊರತು ಕೋವಿ ಬಂದದ್ದು ಇದೇ ಮೊದಲು. ಕಿರುಬೆರಳೂ ತೂರದಂಥ ಸಣ್ಣ ನಳಿಗೆಯ ಹಳೇ ರೈಫಲ್ಲು. ಅವಳ ಅಪ್ಪ ರಾಮಚಂದ್ರಾಚಾರಿ ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿ ಮೂಲೆಯಲ್ಲಿ ಕುಳಿತಿದ್ದ. ಈಗ ಅವನದು ಬಾಯಿ, ಅವಳದು ಕೈ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ಅವಳು ಮಾತಿಗಿಂತ ಕೈಯನ್ನೇ ಹೆಚ್ಚು ಆಡಿಸಿದ್ದಳು.

"ಒಳಗೇನಿಲ್ಲ ತಾನೆ?" ಆಚಾರಿ ಕೇಳಿದ.

"ಖಾಲಿ ಕಣಪ್ಪ. ನಾನೇ ಎರಡು ಸಲ ನೋಡ್ದೆ," ಎಂದಳು ವೀಣ.

"ಈ ಕೆಲ್ಸಕ್ಕೆ ಅಕ್ಕಿಹೆಬ್ಬಾಳಿಂದ ಬಂದ್ರಾ ಗೌಡ್ರೆ?"

"ನಾಳೆ ಸ್ಟೇಷನ್ನಿಗೆ ಒಪ್ಪಿಸ್ಬುಡ್ತೀನಿ ಆಚಾರ್ರೆ, ಲೈಸೆನ್ಸು ಬ್ಯಾಡ ಅಂತ ಬರ್ಕೊಟ್ಟಾಯ್ತು. ಅದ್ಕೂ ಮುಂಚೆ ಒಂದು ತಿಳ್ಕಬೇಕು. ನಮ್ಮಪ್ಪ ಇದ್ರಲ್ಲೇ ತೆಂಗಿನ ಸುಳೀಲಿ ಕೂತ ಇಲಿ ಬೀಳುಸ್ತಿದ್ದ. ನಂಗ್ಯಾಕೆ ಒಂದೂ ಬೀಳ್ನಿಲ್ಲ? ತಪ್ಪು ನನ್ ಕೈದಾ, ಇದ್ರದಾ?"

ಹೊಸ್ತಿಲ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದ ಅವನ ಹೆಂಡತಿ ಚಿಕ್ಕಬೋರಮ್ಮ ನಕ್ಕಳು. "ಆ ನಿಂಗರಾಜಣ್ಣ ಆಡ್ಕಳದು ತಡೀನಾರ್ದೆ ಬಂದವ್ರೆ ಕಣವ್ವ."

"ನಗ್ಬ್ಯಾಡ ಸುಮ್ಕಿರು," ಎಂದ ಹೊನ್ನಪ್ಪ. ಆದರೆ ಅವನೇ ಕಥೆ ಹೇಳಿದ. ಊರಿಗೆ ಹುಚ್ಚುನಾಯಿ ಬಂದಿತ್ತು. ಎಲ್ಲರೂ ಇವನ ಬಾಗಿಲಿಗೆ ಓಡಿಬಂದರು. ನಾಯಿ ಅಂಗಳದಾಚೆಯೇ ನಿಂತಿತ್ತು. ಇವನು ಹೊಡೆದ ಗುಂಡು ಕೊಟ್ಟಿಗೆಯ ಕಂಬಕ್ಕೆ ಹೋಗಿ, ಅದೂ ಅಡ್ಡಡ್ಡ ಮಲಗಿದ ಹಾಗೆ ನಾಟಿಕೊಂಡಿತು. ನಾಯಿ ನಿಂಗರಾಜನ ಮೀನಖಂಡ ಹಿಡಿಯಿತು.

"ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸ್ಕಂಡ. ಈಗ್ಲೂ ಟೀ ಅಂಗ್ಡೀಲಿ ಪಂಚೆ ಎತ್ತಿ ತೋರುಸ್ತಾನೆ. 'ಇದು ನಾಯಿ ಕಚ್ಚಿದ್ದಲ್ಲ ಕಣ್ರಲಾ, ಹೊನ್ನಪ್ಪ ಕಚ್ಚಿದ್ದು' ಅಂತಾನೆ."

ಆಚಾರಿ ಜೋರಾಗಿ ನಕ್ಕು, ಹೊನ್ನಪ್ಪ ನಗದಿದ್ದುದು ತಿಳಿದು ಕೆಮ್ಮಿದ.

ಮೊನ್ನೆ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ಮಿಲಿಟರಿಯಿಂದ ಬಂದವರೊಬ್ಬರು ಹೊನ್ನಪ್ಪನಿಗೆ ಒಂದು ಮಾತು ಹೇಳಿದ್ದರು. ಹಳೇ ಕೋವಿಗಳಲ್ಲಿ ನಂಬರು ಒಂದೇ ಇದ್ದರೂ ಗುಂಡಿನ ದಪ್ಪವೂ ನಳಿಗೆಯ ಅಗಲವೂ ಒಂದೇ ಇರುವುದಿಲ್ಲ. ಗುಂಡು ಸಡಿಲವಾದರೆ ತೊನೆದಾಡಿಕೊಂಡು ಹೋಗುತ್ತದೆ. ನಳಿಗೆಯೊಳಗೆ ಮೆತ್ತನೆಯ ಸೀಸ ತಳ್ಳಿ ಅಳೆದು ನೋಡಿ ಅಂದಿದ್ದರು. ಅದಕ್ಕೇ ಅವನು ಮದ್ದು ತೆಗೆಸಿದ ಒಂದು ಗುಂಡನ್ನು ಎಲೆಚೀಲದಲ್ಲಿ ಇಟ್ಟುಕೊಂಡು ಬಂದಿದ್ದ.

ವೀಣ ಎಣ್ಣೆ ಸವರಿದ ಸೀಸವನ್ನು ಹಿಂಬದಿಯಿಂದ ನಳಿಗೆಗೆ ಇಟ್ಟು ಹಿತ್ತಾಳೆ ಸರಳಿನಿಂದ ತಳ್ಳತೊಡಗಿದಳು. ಕೊಡತಿಯ ಒಂದೊಂದು ಪೆಟ್ಟಿಗೂ ಸೀಸ ಬಿಗಿಯಾಗಿ, ಒಂದೇ ಸಮನೆ ಸರಿಯಿತು. ನಳಿಗೆಯ ಬಾಯಿಗೆ ಇನ್ನೊಂದು ಗೇಣು ಇದೆ ಅನ್ನುವಾಗ ಸರಳು ಕೈಜಾರಿದಂತೆ ಮುಂದೆ ನುಗ್ಗಿತು. ಸೀಸ ತಟ್ಟೆಗೆ ಟಪ್ಪನೆ ಬಿತ್ತು.

ಅವಳು ಕಂಬಚ್ಚು ತೆಗೆದಳು. ತಂತಿ ಎಳೆಯುವ ಉಕ್ಕಿನ ಪಟ್ಟಿ ಅದು, ಒಂದಕ್ಕಿಂತ ಒಂದು ಕೂದಲೆಳೆಯಷ್ಟು ದೊಡ್ಡ ತೂತುಗಳು. ಸೀಸ ಯಾವ ತೂತಿನಲ್ಲಿ ಬಿಗಿಯಾಗಿ ಕೂತಿತೋ ಅದೇ ತೂತಿನಲ್ಲಿ ಹೊನ್ನಪ್ಪನ ಗುಂಡೂ ಕೂತಿತು.

"ಗುಂಡು ಸರಿಯಾಗೇ ಅದೆ," ಎಂದಳು ಮೆಲ್ಲಗೆ.

"ಅಂಗಾರೆ ಕೈಯೇ," ಎಂದ ಹೊನ್ನಪ್ಪ. ಅಂಗೈಯನ್ನು ತಿರುಗಿಸಿ ನೋಡಿಕೊಂಡ. "ಬುಡು. ಕಟ್ಟವ್ವ ಅದನ್ನ."

ವೀಣ ಕಟ್ಟಲಿಲ್ಲ. ಆ ಕೊನೆಯ ಗೇಣಿನ ಜಾರು ಅವಳ ಅಂಗೈಯಲ್ಲಿ ಇನ್ನೂ ಇತ್ತು. ಇನ್ನೊಂದು ಸೀಸದ ತುಂಡನ್ನು ಈ ಸಲ ಬಾಯಿಯ ಕಡೆಯಿಂದ ಬೆರಳಷ್ಟು ಆಳಕ್ಕೆ ಬಡಿದು, ಹಿಂದಿನಿಂದ ಸರಳು ತಳ್ಳಿ ಹೊರಗೆ ತೆಗೆದಳು. ಅದು ಮೊದಲಿನ ತೂತಿಗೆ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಮೊದಲನೆಯದರ ಮೈಮೇಲೆ ನಳಿಗೆಯ ಸುತ್ತುಗೀರುಗಳು ಚೆಂದವಾಗಿ ಅಚ್ಚೊತ್ತಿದ್ದವು. ಇದು ನುಣ್ಣಗೆ, ಕೋಳಿಮೊಟ್ಟೆಯ ಹಾಗೆ ಒಂದು ಕಡೆಗೆ ಉಬ್ಬಿತ್ತು. ಯಾರೋ ಉಜ್ಜಿ ಉಜ್ಜಿ ನಳಿಗೆಯ ಬಾಯಿ ಸವೆದುಹೋಗಿತ್ತು.

"ಇದನ್ನ ಎಂಗೆ ತೊಳೀತಿದ್ರಿ ತಾತ?"

"ನಾನೆಲ್ಲಿ ತೊಳ್ದೆ? ಎಲ್ಲ ಅವ್ಳದೇ."

ಚಿಕ್ಕಬೋರಮ್ಮನ ಮುಖ ಅರಳಿತು. "ಮದ್ವೆಯಾಗಿ ಬಂದ ವರ್ಸದಿಂದ ನಾನೇ ಕಣವ್ವ. ಆಯುಧ ಪೂಜೆ ಬಂತು ಅಂದ್ರೆ ಕಂಚು ತಾಮ್ರದ ಜೊತೆ ಇದೂ. ಛತ್ರಿ ಕಡ್ಡಿಗೆ ಬಟ್ಟೆ ಸುತ್ತಿ, ಹುಣಸೆಹಣ್ಣು ಇಟ್ಟಿಗೆ ಪುಡಿ ಹಾಕಿ, ಕಡ್ಡಿ ಎಟುಕೋವರ್ಗೂ ತಿಕ್ಕೀವ್ನಿ. ನಮ್ಮತ್ತೆ ಒಂದಿನ ಮುಟ್ಟಿದ್ದಿಲ್ಲ. ಬಾಯಿ ಎಂಗ್ ಫಳಫಳ ಅಂತದೆ ನೋಡು."

ಬಾಯಿ ನಿಜಕ್ಕೂ ಫಳಫಳ ಹೊಳೆಯುತ್ತಿತ್ತು. ವೀಣ ಎರಡು ಸೀಸಗಳನ್ನೂ ಮುಷ್ಟಿಯಲ್ಲಿ ಹಿಡಿದು ನೆಲ ನೋಡಿದಳು.

"ಏನಮ್ಮಿ, ಏನ್ ಗೊತ್ತಾಯ್ತು?" ಆಚಾರಿ ಕೇಳಿದ.

"ಕೈಯಲ್ಲ ತಾತ," ಎಂದಳು ಹೊನ್ನಪ್ಪನಿಗೆ. "ಕೋವೀದೇ. ಬಾಯತ್ರ ಅಗಲಾಗದೆ. ಗುಂಡು ಅಲ್ಲಿಗ್ ಬಂದು ಓಲಾಡ್ಬುಡ್ತದೆ. ಹಳೇದಾದ್ರೆ ಸವೀತದೆ."

ಹೊನ್ನಪ್ಪ ಮೊಟ್ಟೆಯಂಥ ಸೀಸವನ್ನು ಇಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ತಿರುಗಿಸಿ ತಿರುಗಿಸಿ ನೋಡಿದ. "ಇದನ್ನ ಆ ನಿಂಗರಾಜನ ಟೀ ಲೋಟಕ್ಕೇ ಹಾಕ್ತೀನಿ ಕಣವ್ವ," ಎಂದು ನಕ್ಕ. ನಗುವಾಗ ಅವನಿಗೆ ಒಂದೆರಡು ಹಲ್ಲು ಕಡಿಮೆ ಇದ್ದುದು ಕಂಡಿತು.

ಚಿಕ್ಕಬೋರಮ್ಮ ನಗಲಿಲ್ಲ. ಎಲೆ ಅಗಿಯುವುದನ್ನು ನಿಲ್ಲಿಸಿದ್ದಳು. "ಹಳೇದಾದ್ರೆ ಬಾಯೊಂದೇ ಸವೀತದಾ?" ಎಂದಳು.

ವೀಣ ಕಂಬಚ್ಚನ್ನು ಒರೆಸಿ ಗೂಡಿನಲ್ಲಿಟ್ಟಳು. ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರನ್ನು ಕೇಳಿತು.

ಹೊನ್ನಪ್ಪ ಕೋವಿ ಸುತ್ತಿ ತಂದಿದ್ದ ಹಳೇ ಪಂಚೆ ಹರವಿದ. ನಳಿಗೆಯ ತುದಿಗೆ ಎಣ್ಣೆಗೈಯ ಗುರುತು ಮೆತ್ತಿತ್ತು. ಅದನ್ನು ಕಂಡದ್ದೇ ಚಿಕ್ಕಬೋರಮ್ಮನ ಕೈ ಸೆರಗಿನ ಚುಂಗನ್ನು ಹಿಡಿದು ಮುಂದಕ್ಕೆ ಹೋಯಿತು. ಹೋಗಿ, ಅರ್ಧದಲ್ಲೇ ನಿಂತಿತು.

ಹೊನ್ನಪ್ಪ ಆ ಕೈಯನ್ನು ನೋಡಿದ. ಬೆರಳಲ್ಲಿದ್ದ ಸೀಸವನ್ನು ಎಲೆಚೀಲಕ್ಕೆ ಹಾಕಿ ದಾರ ಎಳೆದ. ಕೋವಿಯನ್ನು ಎತ್ತಿ ಅವಳ ಮಡಿಲಿಗೆ ಅಡ್ಡಲಾಗಿ ಇಟ್ಟ.

"ಒರುಸು, ಒರುಸು. ಸ್ಟೇಷನ್ನಿಗೆ ಕೊಳಕಾಗಿ ಕೊಡದಾ?"

ಬಸ್ಸು ಇನ್ನೊಂದು ಸಲ ಕೂಗಿತು. ಚಿಕ್ಕಬೋರಮ್ಮ ಅವಸರ ಮಾಡಲಿಲ್ಲ. ಸೆರಗಿನಿಂದ ಮರದ ಹಿಡಿಯನ್ನಷ್ಟೇ ಒರೆಸಿದಳು.