ಸುತ್ತಿಗೆ ಗುರುತಿನ ರೈಲು

ಅಕ್ಕ ಅಗಾಥಾಳ ಮದುವೆಗೆ ದಿನ ಗೊತ್ತುಮಾಡಿದವಳು ನಾನೇ. ಎಂಥಾ ತಲೆ ಓಡಿಸಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಅಕ್ಟೋಬರ್ ಇಪ್ಪತ್ತಾರು ನಮ್ಮ ಆಸ್ಟ್ರಿಯಾದಲ್ಲಿ ರಾಷ್ಟ್ರೀಯ ದಿನ, ಎಲ್ಲರಿಗೂ ರಜೆ. ರೈನ್ ನದಿಯಾಚೆ, ಸ್ವಿಟ್ಜರ್ಲೆಂಡಿನಲ್ಲಿ, ಮಾಮೂಲಿ ಕೆಲಸದ ದಿನ. ಅಲ್ಲಿನ ಮದುವೆ ನೋಂದಣಿ ಕಚೇರಿ ತೆರೆದೇ ಇರುತ್ತದೆ. ಇನ್ನೇನು ಬೇಕು?

ಅದಕ್ಕೆ ಮೊದಲು ಎರಡು ಸಲ ಮದುವೆ ತಪ್ಪಿತ್ತು. ಅಕ್ಕ ಮೊದಲು ಆರಿಸಿದ ದಿನ ಆಚೆಯವರ ಹಬ್ಬ, ಕಚೇರಿಗೆ ಬೀಗ. ಆಮೇಲೆ ಅವಳ ಸೊಂಟದ ಆಪರೇಷನ್. ವರ ಯೂರ್ಗ್ ಆಚೆ ದಡದಲ್ಲಿ ಸೇಬಿನ ತೋಟ ಮಾಡುವ ವಿಧುರ. ಮಾತು ಕಮ್ಮಿ, ಅನುಮಾನ ಜಾಸ್ತಿ. ಇವಳಿಗೆ ಮನಸ್ಸಿಲ್ಲ, ನೆಪ ಹುಡುಕುತ್ತಿದ್ದಾಳೆ ಎಂಬ ಹುಳ ಅವನ ತಲೆ ಹೊಕ್ಕಿತ್ತು. ಈ ಸಲವೂ ತಪ್ಪಿದರೆ ಮತ್ತೆ ಕೇಳುವುದಿಲ್ಲ ಎಂದು ಮೆತ್ತಗೆ ಹೇಳಿಬಿಟ್ಟಿದ್ದ. ಕೂಗಾಡಿದ್ದರೆ ಅಕ್ಕ ಇಷ್ಟು ಹೆದರುತ್ತಿರಲಿಲ್ಲ.

ಬೆಳಿಗ್ಗೆ ಅಕ್ಕ ನೀಲಿ ಕೋಟು ತೊಟ್ಟು, ನಾನು ಹೂ ಹಿಡಿದು, ನಮ್ಮೂರ ಪುಟ್ಟ ನಿಲ್ದಾಣದಲ್ಲಿ ನಿಂತೆವು. ನಮ್ಮಿಬ್ಬರನ್ನು ಬಿಟ್ಟರೆ ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ರೈಲಿನ ಹೊತ್ತು ಬಂತು, ಹೋಯಿತು. ನಾನು ಗೋಡೆಯ ವೇಳಾಪಟ್ಟಿಗೆ ಕಣ್ಣು ಕೀಲಿಸಿದೆ. ನಮ್ಮ ರೈಲಿನ ಮುಂದೆ ಅಡ್ಡಡ್ಡ ಎರಡು ಸುತ್ತಿಗೆಗಳ ಗುರುತು. ಅಂದರೆ ಕೆಲಸದ ದಿನ ಮಾತ್ರ ಓಡುತ್ತದೆ. ಇವತ್ತು ಕೆಲಸದ ದಿನ ತಾನೇ, ಎಂದುಕೊಂಡವಳಿಗೆ ತಟ್ಟನೆ ಹೊಳೆಯಿತು. ಕೆಲಸದ ದಿನ ಹೌದು, ಆದರೆ ಯಾರಿಗೆ?

ನಾನು ಮೂವತ್ತು ವರ್ಷ ಆಚೆಯ ಕಸೂತಿ ಗಿರಣಿಯಲ್ಲಿ ದುಡಿದವಳು. ಇಪ್ಪತ್ತಾರಕ್ಕೆ ಊರೆಲ್ಲ ಮಲಗಿದ್ದರೂ ನಾನು ಸೈಕಲ್ ತುಳಿದು ಸೇತುವೆ ದಾಟುತ್ತಿದ್ದೆ. ಊರಿಗೆ ರಜೆ ಎಂದು ಗೊತ್ತಿದ್ದರೂ, ಆಚೆ ಹೋಗುವ ಲೆಕ್ಕದಲ್ಲಿ ಅದು ನನಗೆ ಎಂದೂ ಕೆಲಸದ ದಿನವೇ. ಪಟ್ಟಿ ನೋಡಿದ್ದೂ ಗಿರಣಿಯವಳ ಕಣ್ಣಲ್ಲೇ. ರೈಲು ಹೊರಡುವುದು ಮಾತ್ರ ಆಸ್ಟ್ರಿಯಾದಿಂದ, ಅದಕ್ಕೂ ಇವತ್ತು ರಜೆ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮುಂದಿನ ರೈಲು ಹತ್ತಿದರೆ ಕಚೇರಿ ಮಧ್ಯಾಹ್ನದ ಊಟಕ್ಕೆ ಮುಚ್ಚಿರುತ್ತದೆ. ಮಧ್ಯಾಹ್ನದ ಮೇಲೆ ಅಲ್ಲಿ ಮದುವೆ ಮಾಡಿಸುವುದಿಲ್ಲ. ಅಕ್ಕ ಯೂರ್ಗ್‌ಗೆ ಫೋನ್ ಮಾಡಿದಳು. ಅವನ ದನಿ ನನಗೂ ಕೇಳಿಸಿತು.

"ರೈಲಿಲ್ವಾ? ಇವತ್ತು ಗುರುವಾರ ಕಣೇ ಅಗಾಥಾ. ಗುರುವಾರ ರೈಲಿಲ್ಲ ಅಂದ್ರೆ ಯಾರು ನಂಬ್ತಾರೆ? ಮನಸ್ಸಿಲ್ಲ ಅಂದ್ರೆ ಹೇಳ್ಬಿಡು."

ಫೋನ್ ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ಅಕ್ಕ ಬೆಂಚಿನ ಮೇಲೆ ಕುಸಿದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಊರಿಗಿದ್ದ ಒಂದೇ ಟ್ಯಾಕ್ಸಿಗೆ ಫೋನ್ ಹಚ್ಚಿದರೆ, ಅದರವನು ಇಪ್ಪತ್ತಾರರ ನಡಿಗೆಗೆ ಹೋಗಿದ್ದಾನೆ ಎಂದಳು ಅವನ ಹೆಂಡತಿ. ಆ ದಿನ ಊರಿಗೆ ಊರೇ ಗುಂಪುಕಟ್ಟಿ ನಡೆಯುವುದು ನಮ್ಮ ಪದ್ಧತಿ. ಅಷ್ಟರಲ್ಲಿ ಹಳಿಯ ಪಕ್ಕದ ದಾರಿಯಲ್ಲಿ ಗುಂಪೇ ಬಂತು. ಮುಂದೆ ಕಸಾಯಿ ಅಂಗಡಿಯ ಎಗೋನ್, ಅವನ ಹಿಂದೆ ಚಹಾದ ಕ್ಯಾನು, ಸಾಸೇಜು, ಬ್ರೆಡ್ಡು ತುಂಬಿದ ಮರದ ಕೈಗಾಡಿ. ನಾನು ಓಡಿಹೋಗಿ ಕಥೆ ಒದರಿದೆ. ಎಗೋನ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಡಿಗೆ ಎತ್ಲಾಗಾದ್ರೇನು ಝೆನ್ಸಿ, ಸೇತುವೆ ಕಡೆನೇ ಹೋಗೋಣ. ಹತ್ತಮ್ಮಾ ಅಗಾಥಾ, ಸಾಸೇಜ್ ಮೇಲೆ ಮಾತ್ರ ಕೂತ್ಕೋಬೇಡ."

ಅಕ್ಕ ಚಹಾದ ಕ್ಯಾನನ್ನು ತಬ್ಬಿಕೊಂಡು ಕುಳಿತಳು. ಸರದಿಯ ಮೇಲೆ ಎಲ್ಲರೂ ಎಳೆದರು. ಟ್ಯಾಕ್ಸಿಯವನೂ ಎಳೆದ, ಬಾಡಿಗೆ ಬರೆದುಕೊಳ್ಳುತ್ತೇನೆ ಎಂದು ರೇಗಿಸಿದ. ಅಕ್ಕನಿಗೆ ನಗು ಬರಲಿಲ್ಲ. ಯೂರ್ಗ್ ಕಚೇರಿಗೇ ಬರದಿದ್ದರೆ ಎಂದಷ್ಟೇ ಕೇಳಿದಳು. ನಾನೂ ಗಾಡಿಗೆ ಕೈ ಕೊಟ್ಟೆ.

ಸೇತುವೆ ಏರಿದಾಗ ಆಚೆ ತುದಿಯಲ್ಲಿ ಕಪ್ಪು ಕೋಟಿನವನೊಬ್ಬ ದಾಪುಗಾಲು ಹಾಕುತ್ತ ಬರುತ್ತಿದ್ದ. ಯೂರ್ಗ್! ಫೋನಿಟ್ಟ ಸಿಟ್ಟಿನಲ್ಲಿ, ರೈಲು ಬರುವುದನ್ನು ಕಣ್ಣಾರೆ ಕಂಡು ಇವಳ ಸುಳ್ಳು ಹಿಡಿಯೋಣವೆಂದು ತನ್ನೂರ ನಿಲ್ದಾಣಕ್ಕೆ ಹೋದನಂತೆ. ರೈಲು ಬರಲೇ ಇಲ್ಲ. ನದಿಯಾಚೆ ಇವತ್ತು ಹಬ್ಬವಲ್ಲವೇ ಎಂದು ಅಲ್ಲಿಯ ಕಾಫಿ ಅಂಗಡಿಯವಳು ನಕ್ಕಳಂತೆ. ಫೋನನ್ನು ಮನೆಯಲ್ಲೇ ಬಿಟ್ಟು ಬಂದಿದ್ದ ಪುಣ್ಯಾತ್ಮ, ಅಲ್ಲಿಂದಲೇ ಓಡಿ ಬಂದಿದ್ದ.

ಕೈಗಾಡಿಯ ಮುಂದೆ ನಿಂತವನ ಮುಖ ಕೆಂಪಾಗಿತ್ತು. ಕೇಳಲೋ ಬೇಡವೋ ಎಂಬಂತೆ ಕೇಳಿದ:

"ಮನಸ್ಸಿದೆ ತಾನೇ?"

"ಮನಸ್ಸಿಲ್ದೆ ಊರಿನೋರ ಕೈಲೆಲ್ಲಾ ಎಳಿಸ್ಕೊಂಡು ಬರ್ತೀನೇನೋ, ಪೆದ್ದ?" ಎಂದಳು ಅಕ್ಕ.

ಅಬ್ಬಾ! ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅತ್ತೇಬಿಟ್ಟೆ. ಯೂರ್ಗ್ ಎಗೋನನ ಕೈಯಿಂದ ಗಾಡಿಯ ಹಿಡಿ ಕಿತ್ತುಕೊಂಡು, ಇನ್ನೂ ತೆರೆದಿದ್ದ ಕಚೇರಿಯ ಬಾಗಿಲವರೆಗೂ ತಾನೇ ಎಳೆದ.