ನಂಬಿದೆ ಎನ್ನದ ದೇವಕಕ್ಕ

ದೇವಕಕ್ಕ ನಡೆಯುವಾಗ ನೆಲ ನೋಡುವುದಿಲ್ಲ. ಕೊಪ್ಪದ ಪೇಟೆಯಲ್ಲಿ ಕಲ್ಲು ಎದ್ದ ಕಡೆಯೆಲ್ಲ ಎಡವುತ್ತಾಳೆ, ಚಪ್ಪಲಿಯ ಉಂಗುಷ್ಟ ಆಗಾಗ ಕಿತ್ತುಹೋಗುತ್ತದೆ, ಎರಡೂ ಹೆಬ್ಬೆರಳುಗಳ ಉಗುರು ಕಪ್ಪಿಟ್ಟಿದೆ; ಆದರೂ ಗದ್ದವೆತ್ತಿ, ಎದುರು ಬಂದವರ ಮುಖವನ್ನು ನೆಟ್ಟಗೆ ನೋಡುತ್ತ ನಡೆಯುವ ಹಟವನ್ನು ಬಿಟ್ಟವಳಲ್ಲ. ಹೊಸಬರು ಅದನ್ನು ಸೊಕ್ಕು ಎನ್ನುತ್ತಾರೆ. ಸೊಕ್ಕಂತೆ! ನಡುವಯಸ್ಸು ದಾಟುವವರೆಗೂ ಹೆಣ್ಣಿನ ಕಣ್ಣು ನೆಲ ಬಿಟ್ಟು ಮೇಲೇಳಕೂಡದು ಎಂಬ ಶಾಸನದಡಿ ಬದುಕಿದ ಹೆಂಗಸು ಈಗ ಆಕಾಶ ನೋಡಿಕೊಂಡು ಎಡವಿದರೆ, ಎಡವುವ ಕಾಲು ಅವಳದು, ಕಪ್ಪಾಗುವ ಉಗುರು ಅವಳದು. ಇವರ ಗಂಟೇನು ಹೋಯಿತು?

ಬಸ್‌ಸ್ಟ್ಯಾಂಡಿನ ಹಿಂದಿರುವ ಹಿಟ್ಟಿನ ಗಿರಣಿ ಅವಳದು. ಸೀರೆಯ ಮೇಲೊಂದು ಗಂಡಸರ ಖಾಕಿ ಅಂಗಿ, ಹುಬ್ಬಿನ ಮೇಲೆ ರಾಗಿಯದೋ ಅಕ್ಕಿಯದೋ ಹಿಟ್ಟಿನ ಧೂಳು, ಯಂತ್ರದ ಗದ್ದಲವನ್ನು ಮೀರಿ ಮಾತಾಡಿ ಮಾತಾಡಿ ದೊಡ್ಡದಾದ ಕಂಠ. ಹಸಿ ಅಕ್ಕಿ ಹಾಕಿದರೆ ಗಿರಣಿಯ ಕಲ್ಲಿಗೆ ಹಿಟ್ಟು ಮೆತ್ತಿಕೊಳ್ಳುತ್ತದೆ. ಗಿರಾಕಿ "ಒಣಗಿದೆ, ನಂಬು ಮಾರಾಯ್ತಿ" ಎಂದರೆ ಸಾಕು, ಅವಳ ಮುಖ ಬಿಗಿಯುತ್ತದೆ. ಚೀಲಕ್ಕೆ ಕೈಹಾಕಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ಟಕ್ಕೆಂದರೆ ಮಾತ್ರ ಸ್ವಿಚ್ಚು ಹಾಕುತ್ತಾಳೆ. ಪಕ್ಕದ ಅಡಿಕೆ ಮಂಡಿಯ ಸುಬ್ಬಯ್ಯನವರು, ದೇವಕಕ್ಕ ದೇವರನ್ನೂ ಹಲ್ಲಲ್ಲಿ ಕಡಿದೇ ನೋಡುವವಳು ಎಂದು ಚುಡಾಯಿಸುವುದುಂಟು. ಅದಕ್ಕೆ ನಗುತ್ತಾಳೆ. ಆದರೆ 'ನಂಬು' ಎಂಬ ಆ ಸಾದಾ ಕ್ರಿಯಾಪದವನ್ನು ಅವಳ ಬಾಯಿಂದ ಕೊಪ್ಪದಲ್ಲಿ ಯಾರೂ ಕೇಳಿದವರಿಲ್ಲ.

ಆ ಮಾತನ್ನು ಕೆಡಿಸಿದವರು ನೇರದಾರಿಯವರು. ಎನ್.ಆರ್.ಪುರದ ಹೊರವಲಯದಲ್ಲಿ ನಾಲ್ಕಾರು ಮನೆ, ಒಂದು ಸಭಾಮಂದಿರ ಕಟ್ಟಿಕೊಂಡಿರುವ ಪುಟ್ಟ ಪಂಥ ಅದು. ಅವಳ ಅಪ್ಪ, ಅಡ್ಡಗದ್ದೆಯ ತ್ರ್ಯಂಬಕ, ತಿಂಗಳ ಕೂಸೊಂದನ್ನು ಕಳೆದುಕೊಂಡು ಕಂಗಾಲಾಗಿ ಕೂತಿದ್ದಾಗ ಆ ಪಂಥದ ಮುಖಂಡ, ಹಿರಿಯಣ್ಣ ಎನಿಸಿಕೊಂಡವನು, ಮನೆಗೆ ಬಂದು, ನಂಬಿಕೆ ಗಟ್ಟಿಯಿದ್ದಿದ್ದರೆ ಕೂಸು ಉಳಿಯುತ್ತಿತ್ತು ಎಂದನಂತೆ. ಸಂತಾಪ ಹೇಳುವ ರೀತಿಯೇ ಇದು? ಆ ಒಂದು ಮಾತಿಗೆ ಹೆದರಿ ಇಡೀ ಸಂಸಾರ ಅವರ ಪಾಲಾಯಿತು. ಹೆಣ್ಣು ತಲೆಯೆತ್ತಿ ನಡೆಯಕೂಡದು, ದೇವಸ್ಥಾನ ಕೂಡದು, ಪ್ರಸಾದ ಕೂಡದು, ಮುಡಿಗೆ ಹೂ ಕೂಡದು, ಹಾಡು ಕೂಡದು, ನೆಂಟರ ಮದುವೆಮನೆಯ ಊಟ ಕೂಡದು. ಒಬ್ಬರ ಮನೆಗೆ ಇನ್ನೊಬ್ಬರು ಹೋದರೆ ಹೊಸಿಲಾಚೆ ನಿಂತು "ನಂಬಿದೆ" ಎನ್ನಬೇಕು. ಒಳಗಿನವರು "ಬಾ" ಎಂದ ಮೇಲೆಯೇ ಕಾಲು ಒಳಗೆ.

ಪಂಥ ಬಿಟ್ಟವರಿಗೆ ಅವರು ಕೊಡುವ ಶಿಕ್ಷೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಮ್ಮ ಸೀಮೆಯಲ್ಲಿ ಹಗೆಯವನು ಜಗಲಿ ಹತ್ತಿದರೂ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ, ಜಗಳವೇನಿದ್ದರೂ ಆಮೇಲೆ. ಇವರೋ, ಬಿಟ್ಟುಹೋದವರ ಹೆಸರು ಹೇಳಿ ಜಗಲಿಯ ಮೇಲೆ ಖಾಲಿ ತಂಬಿಗೆಯನ್ನು ಮಗುಚಿ ಇಡುತ್ತಾರೆ: ಈ ಮನೆಯಲ್ಲಿ ಇನ್ನು ನಿನಗೆ ನೀರಿಲ್ಲ. ಮಗುಚುವ ಕೈ ಹೆತ್ತವಳದೇ ಆಗಬೇಕೆಂಬುದು ಕಟ್ಟಳೆ. ದೇವಕಕ್ಕ ಒಂದು ದಿನ ತುಂಬಿದ ಸಭೆಯಲ್ಲಿ ಎದ್ದುನಿಂತು, ತಿಂಗಳ ಕೂಸು ಏನನ್ನು ನಂಬಬೇಕಾಗಿತ್ತು ಎಂದು ಕೇಳಿದಳು. ಅಷ್ಟೇ ಅವಳ ಅಪರಾಧ; ಅಷ್ಟಕ್ಕೇ ಅವಳನ್ನು ಪಂಥ ಬಿಟ್ಟವಳೆಂದು ಸಾರಿದರು. ಮಾರನೆಯ ದಿನ ಅವಳಮ್ಮ ಶೇಷಮ್ಮ, ಹಿರಿಯಣ್ಣನ ಕಣ್ಣೆದುರಿಗೆ, ಜಗಲಿಯ ಮೇಲೆ ತಂಬಿಗೆ ಮಗುಚಿದಳು.

ಕೊಪ್ಪಕ್ಕೆ ಬಂದು ನೆಲೆನಿಂತವಳಿಗೆ ಇಲ್ಲಿಯವರು ಅನ್ನದ ದಾರಿ ತೋರಿದರು; ಅದು ಸುಳ್ಳಲ್ಲ. ಜೊತೆಗೆ ಆಳಿಗೊಂದು ದೇವರನ್ನೂ ತೋರಿದರು. ಸುಬ್ಬಯ್ಯನವರು ಶೃಂಗೇರಿಗೆ ಕರೆದೊಯ್ದರು. ತುಂಗೆಯ ಮೆಟ್ಟಿಲಲ್ಲಿ ಕೂತು ಮೀನುಗಳಿಗೆ ಮಂಡಕ್ಕಿ ಎರಚಿ ಹೊತ್ತು ಹೋದದ್ದೇ ತಿಳಿಯದೆ ನಕ್ಕವಳು, ಗುಡಿಯೊಳಗೆ ಎಲ್ಲರ ಕೈ ಮೇಲೆದ್ದಾಗ ತನ್ನೆರಡು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಳಂತೆ. ಸುಬ್ಬಯ್ಯನವರಿಗೆ ಬೇಸರವಾಯಿತು. ನಿವೃತ್ತ ಮೇಷ್ಟ್ರು ಉಮಾಮಹೇಶ್ವರರಿಗೆ ಈ ಸುದ್ದಿ ಕೇಳಿ ಪರಮಾನಂದವಾಯಿತು. ಅವರದು ವಿಚಾರವಾದ. ಎನ್.ಆರ್.ಪುರದಲ್ಲಿ ತಮ್ಮ ವಿಚಾರವಾದಿಗಳ ಸಭೆಯೊಂದರಲ್ಲಿ ವೇದಿಕೆಯ ಮೇಲೆ ನಿಂತು 'ದೇವರಿಲ್ಲ' ಎಂದೊಂದು ಮಾತು ಘೋಷಿಸಿಬಿಡು, ನಿನ್ನಂಥ ಸಾಕ್ಷಿ ನಮಗೆ ಸಿಕ್ಕುವುದಿಲ್ಲ ಎಂದು ಗಿರಣಿಗೇ ಬಂದು ಗಂಟುಬಿದ್ದರು. ದೇವಕಕ್ಕ ಅವರ ಗೋಧಿ ಹಿಟ್ಟನ್ನು ಡಬ್ಬಕ್ಕೆ ತುಂಬಿ, ಮುಚ್ಚಳ ಒತ್ತಿ, ಕೈಗೆ ಕೊಟ್ಟು ಹೇಳಿದಳು:

"ಮೇಷ್ಟ್ರೇ, ನೇರದಾರಿಯವರೂ ಹೀಗೇ ಎಲ್ಲರ ಎದುರು ನಿಲ್ಲಿಸಿ ಹೇಳಿಸ್ತಿದ್ರು."

ಮೇಷ್ಟ್ರು ಆಮೇಲೆ ಬೇರೆ ಗಿರಣಿ ಹಿಡಿದರು.

ಹೋದ ವರ್ಷ ತಮ್ಮ ಸಂದೇಶನಿಂದ ಫೋನು ಬಂತು. ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಕನವರಿಕೆಯಲ್ಲಿ ನಿನ್ನ ಹೆಸರು. ಆದರೆ ಬರುವುದಾದರೆ ಬಾಗಿಲಲ್ಲಿ 'ನಂಬಿದೆ' ಎಂದು ಹೇಳಿಯೇ ಒಳಗೆ ಬರಬೇಕು, ನಿಯಮ ಮುರಿಯುವ ಧೈರ್ಯ ತನಗಿಲ್ಲ ಎಂದ. ಸಾಯುತ್ತಿರುವ ತಾಯಿಗೂ ಮಗಳಿಗೂ ನಡುವೆ ನಿಯಮವಂತೆ! ಊರಿನವರೆಲ್ಲ ಒಂದೇ ಬುದ್ಧಿ ಹೇಳಿದರು: ಹೇಳಿದರೆ ನಾಲಿಗೆ ಸವೆಯುತ್ತದೆಯೇ? ಎಲ್ಲರಿಗೂ ಅದು ಮೂರಕ್ಷರ. ಅವಳಿಗೆ ಮಾತ್ರ, ಹಿರಿಯಣ್ಣ ಅಂದು ಅಪ್ಪನ ಮನೆಯಲ್ಲಿ ಹೇಳಿದ್ದಕ್ಕೆಲ್ಲ ತಾನೇ ಕೈಯಾರೆ ರುಜು ಹಾಕಿದ ಹಾಗೆ. ಸತ್ತ ಕೂಸಿಗೆ ಮಾಡುವ ದ್ರೋಹ.

ಬಸ್ಸು ಹತ್ತಿದಳು. ತಮ್ಮನ ಮನೆಯ ಹೊಸಿಲಾಚೆ ಬಿಸಿಲಲ್ಲಿ ಬಹಳ ಹೊತ್ತು ನಿಂತಳು. ಸಂದೇಶ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಒಳಗಿನಿಂದ ಕೆಮ್ಮು ಕೇಳಿಸಿತು. ಕೇಳಿಸಿದ್ದೇ ತಡ, ದೇವಕಕ್ಕ ಗಿರಣಿಯ ದೊಡ್ಡ ಗಂಟಲಿನಲ್ಲಿ, ಕೇರಿಗೆಲ್ಲ ಕೇಳುವ ಹಾಗೆ "ನಂಬಿದೆ" ಎಂದಳು. ತಮ್ಮನ "ಬಾ" ಕಾಯದೆ ಒಳನುಗ್ಗಿದಳು.

ಶೇಷಮ್ಮ ಕಣ್ಣು ತೆರೆದು ಮಗಳ ಮುಖವನ್ನು ನೋಡಿದಳು. ಹೆತ್ತವಳಲ್ಲವೇ, ಅವಳಿಗೆ ಬೇರೆ ಸಾಕ್ಷಿ ಯಾಕೆ ಬೇಕು?

"ಸುಳ್ಳು ಹೇಳಿದ್ಯಲ್ಲ ಕೂಸೇ," ಎಂದಳು. ಮಗಳ ಕೈ ಹಿಡಿದುಕೊಂಡು, "ಒಳ್ಳೇದು ಮಾಡಿದೆ," ಎಂದಳು.

ಆ ವಾರವಿಡೀ ದೇವಕಕ್ಕ ಗಂಜಿ ಕುಡಿಸಿದಳು, ಮೈ ಒರೆಸಿದಳು, ತಲೆ ಬಾಚಿದಳು. ಇಬ್ಬರೂ ಪಂಥದ ಮಾತೆತ್ತಲಿಲ್ಲ. ಶೇಷಮ್ಮ ಮಗಳ ತೊಡೆಯ ಮೇಲೆಯೇ ಹೋದಳು.

ಇಲ್ಲಿಗೇ ಮುಗಿಯಬೇಕಿತ್ತು. ನಾಚಿಕೆಗೆಟ್ಟವರಿಗೆ ಅಷ್ಟಕ್ಕೆ ತೃಪ್ತಿಯೇ? ದಾರಿ ತಪ್ಪಿದ ದೇವಕಿ ಮರಳಿ ಬಂದಳು ಎಂದು ಸಭೆಯಲ್ಲಿ ಸಾರಿದರು. ಕೇರಿಗೆಲ್ಲ ಕೇಳಿಸಿದ್ದ ಆ ಕೂಗನ್ನೇ ಪುರಾವೆ ಮಾಡಿಕೊಂಡರು. ಸೂತಕ ಕಳೆಯುತ್ತಲೇ ಹಿರಿಯಣ್ಣ ಇನ್ನಿಬ್ಬರನ್ನು ಕಟ್ಟಿಕೊಂಡು ಕೊಪ್ಪದ ಗಿರಣಿಗೆ ಬಂದು, ಬಾಗಿಲಲ್ಲಿ ಮುಗುಳ್ನಗುತ್ತ ಪಂಥದ ಆ ಮಾತು ಹೇಳಿ, "ಬಾ" ಎಂಬ ಉತ್ತರಕ್ಕೆ ಕಾದು ನಿಂತ. ದೇವಕಕ್ಕ ಸ್ವಿಚ್ಚು ಆರಿಸಿದಳು. ಕಲ್ಲು ತಿರುಗುವುದು ಪೂರ್ತಿ ನಿಂತ ಮೇಲೆ ಹೇಳಿದಳು:

"ನನ್ನ ಅಮ್ಮನ ಬಾಗಿಲಿಗೆ ಬೀಗ ಹಾಕಿದ್ದು ನೀವು. ಆ ಮಾತು ಬೀಗದ ಕೈ, ಅಷ್ಟೆ. ಅಮ್ಮ ಹೋದ್ಲು. ಇನ್ನು ಅದು ನನಗೆ ಬೇಡ, ತಗೊಂಡು ಹೋಗಿ."

ಅವರು ಹೋದ ಮೇಲೆ, ಹಿಟ್ಟಿನ ಡಬ್ಬ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಿದ್ದ ಸುಬ್ಬಯ್ಯನವರು, ಈಗಲಾದರೂ ಋಣ ಹರಿಯಿತಲ್ಲ, ಇನ್ನು ನಿನ್ನ ಮನಸ್ಸಿಗೆ ಬಂದ ದೇವರನ್ನು ನಂಬಬಹುದಲ್ಲ ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

"ತುಂಗೆ ಹತ್ರ ಕೂತಾಗ ಒಂದೊಂದು ಸಲ ಒಳಗೆ ಎಂತದೋ ಆಗ್ತದೆ, ಸುಬ್ಬಯ್ಯೋರೆ," ಎಂದಳು ದೇವಕಕ್ಕ. "ಅದನ್ನ ಹೇಳೋಕೆ ಹೋದ್ರೆ ಅವರ ಮಾತೇ ಬಾಯಿಗೆ ಬರ್ತದೆ. ಬಾಯಿ ಮುಚ್ಚಿಕೊಳ್ತೇನೆ."

ಇಂಥವರು ಮತ್ತೆ ನಂಬಬಲ್ಲರೇ ಎಂದು ನಾವು ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಚರ್ಚೆ ಮಾಡುತ್ತೇವೆ. ನಾಸ್ತಿಕರ ಲೆಕ್ಕಕ್ಕೋ ಆಸ್ತಿಕರ ಲೆಕ್ಕಕ್ಕೋ ಅವರನ್ನು ಸೇರಿಸಿಕೊಳ್ಳುವ ಆತುರ ನಮಗೆ. ದಿನ ಬೆಳಗಾದರೆ ಕೈಮುಗಿದು, ಮುಗಿದ ಕೈ ಇಳಿಯುವ ಮೊದಲೇ ನೆರೆಯವನ ಬೇಲಿಯ ಮೇಲೆ ಕಣ್ಣು ಹಾಕುವ ನಮಗೆ, ಒಂದು ಮಾತನ್ನು ಸುಳ್ಳಾಗಿ ಆಡಬೇಕಾಗಿ ಬಂದರೆ ಬಿಸಿಲಲ್ಲಿ ನಿಂತು ಬೇಯುವವರ ಶ್ರದ್ಧೆ ಎಲ್ಲಿ ಅರ್ಥವಾಗಬೇಕು? ಪಂಥ ತೊರೆದು ಬಂದ ಈ ಜನ ಸಾಲ ತೀರಿಸದೆ ಓಡಿಬಂದವರಲ್ಲ, ಅವರ ಬೆನ್ನಟ್ಟಿ ವಸೂಲಿ ಮಾಡುವ ಹಕ್ಕು ಯಾವ ಮಠಕ್ಕೂ ಯಾವ ವೇದಿಕೆಗೂ ಇಲ್ಲ. ತಾಯಿಯ ಮುಖ ನೋಡುವುದಕ್ಕೆ ದೇವರ ಹೆಸರಿನಲ್ಲಿ ಸುಳ್ಳಾಡಬೇಕಾಗಿ ಬಂದವಳನ್ನು ಮತ್ತೆ ನಂಬುತ್ತೀಯಾ ಎಂದು ಕೇಳುವ ಬಾಯಿ ನಮಗಿಲ್ಲ. ದೇವರೆಂಬವನು ಇದ್ದರೆ, ಮೊದಲು ಅವನೇ ಬಂದು ಅವಳ ಕ್ಷಮೆ ಕೇಳಲಿ.