ಆಚೆ ದಡದ ಮಾತು

ಆ ಸರ್ಕಾರಿ ಹೈಸ್ಕೂಲಿಗೆ ಮಕ್ಕಳು ಮನೆಯಿಂದ ಹೊತ್ತು ತರುತ್ತಿದ್ದ ಭಾಷೆಗಳು ಒಟ್ಟು ಇಪ್ಪತ್ತೇಳು. ಹೆಡ್‌ಮಿಸ್ಸು ಇದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ಅವುಗಳಲ್ಲಿ ಒಂದು, ಶಾಲೆಯ ನೆಲ ಒರೆಸುವ ಚಿಕ್ಕಮ್ಮನ ತಾಯಿನುಡಿ ಎಂಬುದು ಮಾತ್ರ ಅವರಿಗೂ ಗೊತ್ತಿರಲಿಲ್ಲ. ಅವಳು ಯಾರ ಚಿಕ್ಕಮ್ಮ ಎಂದು ಕೇಳಬಾರದು. ಎಂದೋ ಎಂಟನೇ ಕ್ಲಾಸಿನ ಮಗುವೊಂದು ಹಾಗೆ ಕರೆಯಿತು, ಅದೇ ಅಂಟಿಕೊಂಡಿತು.

ಅವಳು ಈ ನಗರಕ್ಕೆ ಬಂದು ಇಪ್ಪತ್ತನಾಲ್ಕು ವರ್ಷ. ಹುಟ್ಟಿದ ನಾಡಿನಲ್ಲಿ ಒಂದೇ ಹೊಳೆಯ ಎರಡು ದಡದವರು ಹೊಡೆದಾಡಿಕೊಂಡು ಊರೂರನ್ನೇ ಸುಟ್ಟಾಗ ಉಟ್ಟ ಬಟ್ಟೆಯಲ್ಲಿ ಓಡಿಬಂದವಳು. ಎರಡೂ ದಡದವರದು ಒಂದೇ ಭಾಷೆ. ಆದರೆ ಮೂಡಣ ದಡದವರು ಮಾತಿನ ಕೊನೆಯನ್ನು ಎಳೆಯುತ್ತಾರೆ, ಪಡುವಣ ದಡದವರು ಕಡಿದು ಹಾಕುತ್ತಾರೆ. ಬಾಯಿ ಬಿಟ್ಟರೆ ಸಾಕು, ಯಾವ ಕಡೆಯವರೆಂದು ಗೊತ್ತಾಗಿಬಿಡುತ್ತದೆ. ಬಂದ ಹೊಸದರಲ್ಲಿ ಅಂಗಡಿಯೊಂದರಲ್ಲಿ ತನ್ನ ಭಾಷೆ ಕಿವಿಗೆ ಬಿದ್ದು, ಹಿಗ್ಗಿನಿಂದ ಮಾತಾಡಿಸಲು ಹೋಗಿದ್ದಳು. ಆ ಹೆಂಗಸು ಇವಳ ಮೊದಲ ಮಾತಿಗೇ ಕಾಲ ಬುಡಕ್ಕೆ ಉಗುಳಿ ಹೋದಳು. ಅಂದಿನಿಂದ ಚಿಕ್ಕಮ್ಮ ಆ ಭಾಷೆಗೆ ಬೀಗ ಜಡಿದಿದ್ದಳು.

ಎರಡು ತಿಂಗಳ ಹಿಂದೆ ಪಡುವಣ ದಡದ ಅಕ್ಕತಂಗಿಯರಿಬ್ಬರು ಶಾಲೆಗೆ ಸೇರಿದರು. ತಾಯಿಯಿಲ್ಲದ ಮಕ್ಕಳು. ದೊಡ್ಡವಳಿಗೆ ಹದಿನಾರು, ಚಿಕ್ಕವಳಿಗೆ ಹದಿಮೂರು. ಅಪ್ಪ ಲಾಂಡ್ರಿಯೊಂದರಲ್ಲಿ ಹೋಟೆಲುಗಳ ಬೆಡ್‌ಶೀಟು ಇಸ್ತ್ರಿ ಮಾಡುವವನು. ಕಳೆದ ಮಂಗಳವಾರ ಚಿಕ್ಕಮ್ಮ ಹೆಣ್ಣುಮಕ್ಕಳ ಟಾಯ್ಲೆಟ್ಟಿಗೆ ಬಕೆಟ್ ಹಿಡಿದು ಹೋದಾಗ, ಚಿಕ್ಕವಳು ನೆಲದ ಮೇಲೆ ಬಿದ್ದು ಕೈಕಾಲು ಅದುರಿಸುತ್ತಿದ್ದಳು. ದೊಡ್ಡವಳು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಏಳೇ, ಬೇಗ ಏಳೇ, ಯಾರಾದ್ರೂ ನೋಡ್ಬಿಡ್ತಾರೆ," ಎಂದು ತಮ್ಮ ಭಾಷೆಯಲ್ಲಿ ಅಂಗಲಾಚುತ್ತಿದ್ದಳು. ಚಿಕ್ಕಮ್ಮನನ್ನು ಕಂಡದ್ದೇ ನಗರದ ಭಾಷೆಗೆ ಹೊರಳಿ, "ಜಾರಿ ಬಿದ್ಲು. ನೆಲ ಒದ್ದೆ ಇತ್ತು," ಎಂದಳು. ನೆಲ ಒಣಗಿತ್ತು. ಒರೆಸಿ ಒಣಗಿಸಿದವಳೇ ಚಿಕ್ಕಮ್ಮ. ಆದರೂ ಊರ ಉಸಾಬರಿ ನನಗ್ಯಾಕೆ ಎಂದುಕೊಂಡಳು.

ಎರಡು ದಿನ ಬಿಟ್ಟು ಚಿಕ್ಕವಳು ಕಾರಿಡಾರಿನಲ್ಲಿ ಬಿದ್ದಳು. ಈ ಸಲ ಟೀಚರೊಬ್ಬರು ನೋಡಿದರು. ಸೋಮವಾರ ಬೆಳಿಗ್ಗೆ ಅಪ್ಪನಿಗೆ ಬುಲಾವ್ ಹೋಯಿತು.

ಅದೇ ಹೊತ್ತಿಗೆ ಹೆಡ್‌ಮಿಸ್ಸಿನ ಕೋಣೆಯ ನೀರಿನ ಕ್ಯಾನು ಸೋರಿ, ಕಪಾಟಿನ ಕೆಳಗೆಲ್ಲ ನೀರು ಹರಿದಿತ್ತು. ಚಿಕ್ಕಮ್ಮ ಮೂಲೆಯಲ್ಲಿ ಮೊಣಕಾಲೂರಿ ಬಟ್ಟೆ ಹಿಂಡುತ್ತಿದ್ದಳು. ಫೋನಿನಲ್ಲಿ ದುಭಾಷಿ ಸಿಗಬೇಕಿತ್ತು. ಹತ್ತು ನಿಮಿಷ ಬರೀ ಸಂಗೀತ ಕೇಳಿಸಿತು. ಅಪ್ಪ ಗಡಿಯಾರ ನೋಡುತ್ತಿದ್ದ. ಅವನಿಗೆ ಕೆಲಸಕ್ಕೆ ಹೊತ್ತಾಗಿತ್ತು.

"ನಾನೇ ಹೇಳ್ತೀನಿ ಮಿಸ್, ಯಾವಾಗ್ಲೂ ನಾನೇ ಹೇಳೋದು," ಎಂದಳು ದೊಡ್ಡವಳು.

ಹೆಡ್‌ಮಿಸ್ಸು ಒಲ್ಲದ ಮನಸ್ಸಿನಿಂದ ಫೋನಿಟ್ಟರು. "ನಿನ್ನ ತಂಗಿಗೆ ಮೊದಲೂ ಹೀಗೆ ಆಗಿತ್ತಾ, ಫಿಟ್ಸ್ ಏನಾದ್ರೂ ಬರುತ್ತಾ, ಅಪ್ಪನ್ನ ಕೇಳು."

ದೊಡ್ಡವಳು ಅಪ್ಪನ ಕಡೆ ತಿರುಗಿ ತಮ್ಮ ಭಾಷೆಯಲ್ಲಿ, "ಅವಳು ಬೆಳಿಗ್ಗೆ ತಿಂಡಿ ತಿಂದು ಬರ್ತಾಳಾ ಅಂತ ಕೇಳ್ತಿದ್ದಾರೆ," ಎಂದಳು.

"ದಿನಾ ಒಂದು ಮೊಟ್ಟೆ ತಿಂತಾಳೆ ಅನ್ನು."

"ಅಂಥದ್ದು ಯಾವತ್ತೂ ಆಗಿಲ್ವಂತೆ ಮಿಸ್. ಅವತ್ತು ತಿಂಡಿ ತಿಂದಿರಲಿಲ್ಲ, ತಲೆ ಸುತ್ತಿತ್ತಂತೆ."

ಚಿಕ್ಕಮ್ಮನ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು.

ಹೆಡ್‌ಮಿಸ್ಸು ನೆಮ್ಮದಿಯ ಉಸಿರು ಬಿಟ್ಟರು. "ಹಾಗಾದ್ರೆ ಈಜಿನ ಕ್ಲಾಸಿಗೆ ತೊಂದ್ರೆ ಇಲ್ಲ. ಇವತ್ತು ಮೂರನೇ ಪಿರಿಯಡ್ಡಿಗೇ ಇದೆ. ಒಪ್ಪಿಗೆ ಪತ್ರಕ್ಕೆ ಅಪ್ಪ ಸಹಿ ಹಾಕ್ಲಿ."

ಇದು ದೊಡ್ಡವಳ ಲೆಕ್ಕದಲ್ಲಿ ಇರಲಿಲ್ಲ. ಅವಳ ಮುಖದ ಬಣ್ಣ ಇಳಿಯಿತು. ಆದರೆ ಹೇಳಿದ ಸುಳ್ಳಿನಿಂದ ಹಿಂದೆ ಬರುವುದು ಹೇಗೆ? "ಲೈಬ್ರರಿ ಕಾರ್ಡಿಗೆ ಸಹಿ ಬೇಕಂತೆ ಅಪ್ಪಾ," ಎಂದಳು. ಅಪ್ಪ ಸಹಿ ಹಾಕಿ, ಎಲ್ಲರಿಗೂ ತಲೆಬಾಗಿ, ಬಸ್ಸಿಗೆ ಓಡಿದ.

ಚಿಕ್ಕಮ್ಮ ಬಕೆಟ್ ಎತ್ತಿಕೊಂಡು ಹೊರಬಂದಳು. ಹೇಳಿದರೆ ಇಪ್ಪತ್ತನಾಲ್ಕು ವರ್ಷದ ಬೀಗ ಒಡೆಯುತ್ತದೆ. ಹೇಳದಿದ್ದರೆ? ಮೊನ್ನೆ ಒಣ ನೆಲದ ಮೇಲೆ ಅದುರುತ್ತಿದ್ದ ಆ ಕೈಕಾಲು ಕಣ್ಣಮುಂದೆ ಬಂತು. ನೀರಿನೊಳಗೆ ಹಾಗಾದರೆ ಕೂಗಲೂ ಬಾಯಿರುವುದಿಲ್ಲ.

ದೊಡ್ಡವಳು ಮೆಟ್ಟಿಲ ಬಳಿ ಒಬ್ಬಳೇ ಸಿಕ್ಕಳು. ಚಿಕ್ಕಮ್ಮ ಅವಳ ತೋಳು ಹಿಡಿದು ತಾಯಿನುಡಿಯಲ್ಲಿ ಮೆಲ್ಲನೆ ಹೇಳಿದಳು: "ನೀನು ಒಳಗೆ ಹೇಳಿದ್ದು ಅಷ್ಟೂ ನನಗೆ ಅರ್ಥ ಆಯ್ತು, ಮಗಳೇ."

ಹುಡುಗಿ ಬೆಂಕಿ ಮುಟ್ಟಿದವಳಂತೆ ತೋಳು ಕಿತ್ತುಕೊಂಡಳು. ಮೊದಲು ಬೆದರಿದಳು, ಮರುಕ್ಷಣವೇ ಅವಳ ಕಣ್ಣು ಕಿರಿದಾಯಿತು. "ನೀವು ಆಚೆ ದಡದವರು."

"ಹೌದು."

"ನಮ್ಮಪ್ಪನ ಮನೆ ಸುಟ್ಟವರು!"

"ನಮ್ಮ ಮನೇನೂ ಯಾರೋ ಸುಟ್ಟರು ಕಣೇ. ಈಗ ಆ ಮಾತು ಬೇಡ. ತಂಗಿ ನೀರಿಗಿಳೀತಾಳೆ. ಮೇಡಂಗೆ ನಿಜ ಹೇಳು."

"ಹೇಳಿದ್ರೆ ಏನಾಗುತ್ತೆ ಗೊತ್ತಾ ನಿಮಗೆ?" ದೊಡ್ಡವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಮೂರು ಶಾಲೆಯಿಂದ ಹೊರಗೆ ಹಾಕಿದ್ರು ಅವಳನ್ನ. ಆಮೇಲೆ ಅಪ್ಪ ಎರಡು ವರ್ಷ ಮನೇಲೇ ಕೂಡಿಹಾಕಿದ. ಅಕ್ಷರ ಕಲಿಸಿದ್ದು ನಾನು. ಇಲ್ಲಿ ಬಂದ್ಮೇಲೆ ನಿಂತೋಗಿದೆ ಅಂತ ಅಪ್ಪ ನಂಬಿದಾನೆ. ಇನ್ನೊಂದ್ಸಲ ಬಿದ್ಲು ಅಂತ ತಿಳಿದ್ರೆ ನಾಳೆಯಿಂದ ಶಾಲೆ ಬಂದ್."

"ಮತ್ತೆ ನೀರು?"

"ಹೊಟ್ಟೆನೋವು ಅಂತ ಹೇಳೋಕೆ ಹೇಳ್ತೀನಿ. ನನ್ನ ಮಾತು ಮೀರಲ್ಲ ಅವಳು."

ಹೇಳುತ್ತಿರುವಾಗಲೇ ಬೆಲ್ ಹೊಡೆಯಿತು. ಇಬ್ಬರೂ ಕಿಟಕಿಯಿಂದ ಕೆಳಗೆ ನೋಡಿದರು. ಎಂಟನೇ ಕ್ಲಾಸಿನವರು ಹೆಗಲಿಗೆ ಟವೆಲು ಹಾಕಿಕೊಂಡು ಅಂಗಳ ದಾಟಿ ಈಜುಕೊಳದ ಕಟ್ಟಡದ ಕಡೆ ಸಾಲಾಗಿ ಹೊರಟಿದ್ದರು. ಸಾಲಿನ ಮುಂದೆ ಚಿಕ್ಕವಳು. ಯಾರದೋ ಟವೆಲು ಕೇಳಿ ತಂದಿದ್ದಳು. ನಗುತ್ತಾ ಪಕ್ಕದವಳಿಗೆ ಏನೋ ಹೇಳುತ್ತಿದ್ದಳು. ಯಾವ ಆಟಕ್ಕೂ ಕರೆಸಿಕೊಳ್ಳದ ಮಗು, ಹೊಟ್ಟೆನೋವು ಎಂದೀತೇ?

"ಅಯ್ಯೋ," ಎಂದಳು ದೊಡ್ಡವಳು. ಕಿಟಕಿಯ ಸರಳು ಹಿಡಿದು ನಿಂತಲ್ಲೇ ನಿಂತಳು.

ಚಿಕ್ಕಮ್ಮ ಬಕೆಟ್ ಅಲ್ಲೇ ಬಿಟ್ಟು ಓಡಿದಳು. ಐವತ್ತೆರಡರ ಮೊಣಕಾಲು ಪ್ರತಿ ಮೆಟ್ಟಿಲಿಗೂ ಬಾಯಿ ಬಡಿದುಕೊಳ್ಳುತ್ತಿತ್ತು. ಮೂರು ಅಂತಸ್ತು ಇಳಿದು ಅಂಗಳ ದಾಟುವಷ್ಟರಲ್ಲಿ ಉಸಿರು ಎದೆಯಲ್ಲೇ ಸಿಕ್ಕಿಕೊಂಡಿತು. ಕೊಳದ ಬಾಗಿಲು ತಳ್ಳಿದರೆ ಒಳಗೆ ಮೂವತ್ತು ಮಕ್ಕಳು ಆಗಲೇ ನೀರಿಗಿಳಿದಿದ್ದರು. ಎಲ್ಲರ ತಲೆಗೂ ಒಂದೇ ಬಿಳಿ ಟೋಪಿ. ಯಾವ ತಲೆ ಯಾರದೋ ತಿಳಿಯದು. ಈಜಿನ ಮೇಷ್ಟ್ರು ಆ ತುದಿಯಲ್ಲಿ ಸೀಟಿ ಊದುತ್ತಿದ್ದರು.

ಚಿಕ್ಕಮ್ಮ ಹೊಟ್ಟೆಯೊಳಗಿಂದ ಕೂಗಿದಳು. ಕೂಗು ತಾನಾಗಿಯೇ ತಾಯಿನುಡಿಯಲ್ಲಿ ಬಂತು, ಕೊನೆ ಉದ್ದಕ್ಕೆ ಎಳೆದುಕೊಂಡು: "ಮಗಳೇ, ನೀರಿನಿಂದ ಮೇಲೆ ಬಾ!"

ಮಕ್ಕಳೆಲ್ಲ ಇವಳಿಗೇನೋ ಆಗಿದೆ ಎಂಬಂತೆ ಸುಮ್ಮನೆ ನೋಡಿದರು. ಒಂದು ಬಿಳಿ ಟೋಪಿ ಮಾತ್ರ ಗಕ್ಕನೆ ತಿರುಗಿ, ಕಂಬಿ ಹಿಡಿದುಕೊಂಡಿತು.

ಚಿಕ್ಕವಳಿಗೆ ಏನೂ ಆಗಿರಲಿಲ್ಲ. ಫಿಟ್ಸೂ ಇಲ್ಲ, ತಲೆಸುತ್ತೂ ಇಲ್ಲ. ಮೈಯಿಂದ ನೀರು ತೊಟ್ಟಿಕ್ಕಿಸುತ್ತಾ ಇಡೀ ಕ್ಲಾಸಿನ ಮುಂದೆ ನಿಂತು ಅಳತೊಡಗಿದಳು. "ನಾನು ಚೆನ್ನಾಗೇ ಇದ್ದೆ! ಯಾಕೆ ಕೂಗಿದ್ರಿ?" ಹುಡುಗರ್‍ಯಾರೋ ಕಿಸಕ್ಕೆಂದರು. ಮೇಷ್ಟ್ರು ಬಂದು, "ಏನು ಚಿಕ್ಕಮ್ಮ ಇದು?" ಎಂದರು. ಏನೂ ಆಗದಿದ್ದಾಗ ಇದನ್ನೆಲ್ಲ ಯಾವ ಮುಖ ಹೊತ್ತು ಹೇಳುವುದು? ಆದರೂ, "ಮೇಡಂನ ಕರೀರಿ ಸಾರ್. ನಾನು ಹೇಳಬೇಕು," ಎಂದಳು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಪ್ಪ ಮತ್ತೆ ಬಂದ. ಈ ಸಲ ಶಾಲೆಯ ನರ್ಸೂ ಇದ್ದರು. ಬೆಳಿಗ್ಗೆ ನೆಲದ ಮೇಲಿದ್ದ ಚಿಕ್ಕಮ್ಮ ಈಗ ಕುರ್ಚಿಯಲ್ಲಿದ್ದಳು, ಏಪ್ರನ್ನಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು.

"ನಮಸ್ಕಾರ. ಇವರು ಹೇಳೋದನ್ನ ನಾನು ನಿಮಗೆ ಹೇಳ್ತೀನಿ," ಎಂದು ಅವಳು ಶುರುಮಾಡಿದ್ದೇ ತಡ, ಅಪ್ಪನ ದವಡೆ ಬಿಗಿಯಿತು.

"ಯಾವ ದಡ?"

"ಮೂಡಣ."

ಅವನು ಎದ್ದ. ಕುರ್ಚಿ ಕಿರ್‍ರೆಂದಿತು. ಬಾಗಿಲ ತನಕ ಹೋದವನು ಅಲ್ಲೇ ನಿಂತ. ಹೆಡ್‌ಮಿಸ್ಸು ಏನು ನಡೆಯುತ್ತಿದೆ ಎಂದೇ ತಿಳಿಯದೆ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದರು.

"ಅಪ್ಪಾ, ಅವರ ಮಾತು ನಂಬಬೇಡ," ಎಂದಳು ದೊಡ್ಡವಳು.

ಅಪ್ಪ ಅವಳ ಕಡೆ ತಿರುಗಿದ. "ನೀನು ಹೇಳು. ಬೆಳಿಗ್ಗೆ ಅವರು ಕೇಳಿದ್ದು ತಿಂಡಿ ವಿಷಯಾನಾ?"

ಹುಡುಗಿ ತಲೆ ತಗ್ಗಿಸಿದಳು. ಅಪ್ಪ ವಾಪಸ್ ಬಂದು ಕುಳಿತು, ಚಿಕ್ಕಮ್ಮನ ಮುಖ ನೋಡದೆ, "ಹೇಳಿ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ," ಎಂದ.

ಹೆಡ್‌ಮಿಸ್ಸು ಮಾತಾಡಿದರು: ಫಿಟ್ಸ್ ಬರುವ ಮಕ್ಕಳು ಈ ಶಾಲೆಯಲ್ಲಿ ಇನ್ನೂ ನಾಲ್ವರಿದ್ದಾರೆ. ಯಾರನ್ನೂ ಹೊರಗೆ ಹಾಕಿಲ್ಲ, ಹಾಕುವುದೂ ಇಲ್ಲ. ಬಿದ್ದರೆ ಏನು ಮಾಡಬೇಕೆಂದು ಅವರವರ ಟೀಚರುಗಳಿಗೆ ಕಲಿಸಿದ್ದೇವೆ. ಐದು ನಿಮಿಷ ಮೀರಿದರೆ ಕೊಡಲು ಡಾಕ್ಟರು ಬರೆದುಕೊಟ್ಟ ಔಷಧಿ ನರ್ಸ್ ಹತ್ತಿರ ಇರುತ್ತದೆ. ಡಾಕ್ಟರು ಒಪ್ಪಿದರೆ ಈಜಲೂಬಹುದು, ಪಕ್ಕದಲ್ಲೇ ಒಬ್ಬರು ನೀರಿನಲ್ಲಿರುತ್ತಾರೆ.

ಚಿಕ್ಕಮ್ಮ ಅಪ್ಪನಿಗೆ ಹೇಳುವ ಮೊದಲೇ ದೊಡ್ಡವಳಿಗೆ ಅದು ಅರ್ಥವಾಗಿತ್ತು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಎರಡು ತಿಂಗಳಿಂದ ಅವಳು ಹಗಲೂ ರಾತ್ರಿ ಕಾವಲು ಕಾದದ್ದು ಯಾವ ಭಯಕ್ಕೋ ಆ ಭಯವೇ ಇಲ್ಲಿರಲಿಲ್ಲ.

ಚಿಕ್ಕಮ್ಮ ಒಂದೊಂದೇ ಮಾತನ್ನು ಜೋಪಾನವಾಗಿ ಹೇಳಿದಳು. 'ಹೊರಗೆ ಹಾಕಿಲ್ಲ' ಎಂಬುದನ್ನು ಅಪ್ಪ ಎರಡು ಸಲ ಹೇಳಿಸಿಕೊಂಡ. ಆದರೆ ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. "ಯೋಚನೆ ಮಾಡ್ಬೇಕು," ಎಂದು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋದ.

ಮಂಗಳವಾರ ಅವರು ಬರಲಿಲ್ಲ. ಬುಧವಾರವೂ ಇಲ್ಲ. ಚಿಕ್ಕಮ್ಮ ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಾ ಗೇಟಿನ ಕಡೆ ನೋಡಿದಳು. ಆ ಮಗುವನ್ನು ಶಾಲೆ ಬಿಡಿಸಿದ್ದು ತಾನೇ ಎಂಬ ಮುಳ್ಳು ಒಳಗೇ ಮುರಿದುಕೊಂಡಿತ್ತು.

ಗುರುವಾರ ಬೆಲ್ಲಿಗೆ ಮುಂಚೆ ಅಪ್ಪ ಇಬ್ಬರನ್ನೂ ಕರೆತಂದ. ದೊಡ್ಡವಳು ಚಿಕ್ಕಮ್ಮನ ಕಡೆ ಕಣ್ಣೆತ್ತಿಯೂ ನೋಡದೆ ಗಣಿತದ ಪರೀಕ್ಷೆಗೆ ಹೋದಳು. ಅಪ್ಪ ಕಾರಿಡಾರಿನಲ್ಲಿ ನಿಂತು ನೆಲ ನೋಡುತ್ತಾ ಹೇಳಿದ:

"ನಿಮ್ಮ ಎಳೆದು ಎಳೆದು ಆಡೋ ಮಾತು ಕೇಳಿದ್ರೆ ಈಗಲೂ ನನ್ನ ಮೈ ಉರಿಯುತ್ತೆ. ಸುಳ್ಳು ಹೇಳಲ್ಲ."

"ಗೊತ್ತು."

"ಇವತ್ತು ದೊಡ್ಡಾಸ್ಪತ್ರೇಲಿ ಡಾಕ್ಟರ್ ಟೈಮ್ ಕೊಟ್ಟಿದಾರೆ. ಅಲ್ಲಿ ನನ್ನ ಮಗಳು ಮಾತಾಡೋದು ಬೇಡ. ಅವಳಿಗಿನ್ನೂ ಹದಿನಾರು. ದೊಡ್ಡವರ ಹೊರೆ ಅವಳ ತಲೆ ಮೇಲೆ ಹೊರಿಸಿದ್ದು ನಾನು. ನೀವು ಬರ್ತೀರಾ?"

ಹೆಡ್‌ಮಿಸ್ಸು ಚಿಕ್ಕಮ್ಮ ಕೇಳುವ ಮೊದಲೇ ಅವಳಿಗೆ ಅರ್ಧ ದಿನ ರಜೆ ಕೊಟ್ಟರು.

ಆಸ್ಪತ್ರೆಯ ಬೆಂಚಿನ ಮೇಲೆ ಅಪ್ಪ ಒಂದು ತುದಿ, ಚಿಕ್ಕಮ್ಮ ಇನ್ನೊಂದು ತುದಿ, ನಡುವೆ ಚಿಕ್ಕವಳು. ಕರೆ ಬರಲೆಂದು ಒಂದು ಗಂಟೆ ಕಾದರು. ಕೊನೆಗೆ ಚಿಕ್ಕವಳೇ ಮುಖ ಗಂಟಿಕ್ಕಿಕೊಂಡು ಹೇಳಿದಳು:

"ಅವತ್ತು ಎಲ್ಲರೆದುರು ನನ್ನ ಮೇಲೆ ಕೂಗಿದ್ರಿ."

"ಕೂಗಿದೆ. ಹೆದರಿಕೊಂಡಿದ್ದೆ."

"ಇನ್ನೊಂದ್ಸಲ ಹಾಗೆ ಕೂಗಬೇಡಿ. ಹತ್ರ ಬಂದು ಹೇಳಿ."

"ಆಯ್ತಮ್ಮ, ಹತ್ರ ಬಂದೇ ಹೇಳ್ತೀನಿ."

ಒಳಗಿನಿಂದ ಕರೆ ಬಂತು. ಅಪ್ಪ ಎದ್ದು ಬಾಗಿಲು ತೆರೆದು ಹಿಡಿದ. ಮಗಳು ಒಳಗೆ ಹೋದಳು. ಚಿಕ್ಕಮ್ಮನೂ ದಾಟುವ ತನಕ ಅವನು ಬಾಗಿಲನ್ನು ಹಿಡಿದೇ ನಿಂತಿದ್ದ.